ಮಕ್ಕಳಿಗಾಗಿ ಚಿಕಿತ್ಸೆಗೆ ಹೊರಟಿದ್ದೀರಾ? ಗಂಡನ ಪರೀಕ್ಷೆಯೂ ಮೊದಲೇ ಆಗಲಿ

ನಾನು ಹುಬ್ಬಳ್ಳಿಯ ಲ್ಯಾಬ್ ಒಂದರಲ್ಲಿ ವೀರ್ಯ ಪರೀಕ್ಷೆ ಮಾಡುತ್ತೇನೆ. ಗದಗ, ನವಲಗುಂದ, ಬ್ಯಾಡಗಿ ಕಡೆಯಿಂದ ದಂಪತಿಗಳು ಬರುತ್ತಾರೆ. ಹೆಂಡತಿಯ ಫೈಲು ದಪ್ಪಗಿರುತ್ತದೆ: ಸ್ಕ್ಯಾನಿಂಗ್, ಥೈರಾಯ್ಡ್, ಟ್ಯೂಬ್ (ಗರ್ಭನಾಳ) ಎಕ್ಸ್‌ರೇ ಎಲ್ಲ. ಗಂಡನದು ಒಂದು ಚೀಟಿಯೂ ಇರುವುದಿಲ್ಲ. ಕೇಳಿದರೆ ಜೊತೆಗೆ ಬಂದ ಅತ್ತೆ, "ಅವಂಗೇನಾಗೈತ್ರಿ? ಗಟ್ಟಿಮುಟ್ಟ ಅದಾನ" ಅನ್ನುತ್ತಾರೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಅದನ್ನು ನೋಡದೆ ಹೆಂಡತಿಗೆ ಮಾತ್ರೆ, ಇಂಜೆಕ್ಷನ್ ಕೊಡಿಸುತ್ತಾ ವರ್ಷ ಕಳೆಯುವುದು ಅನ್ಯಾಯ.

ಪರೀಕ್ಷೆಗೆ ಬರುವ ಮುಂಚೆ 2ರಿಂದ 7 ದಿನ ಲೈಂಗಿಕ ಸಂಪರ್ಕ ಬೇಡ. ಸ್ಯಾಂಪಲ್ಲನ್ನು ಲ್ಯಾಬಿನಲ್ಲೇ ಕೊಡಿ. ಒಂದು ತಾಸಿನೊಳಗೆ ಪರೀಕ್ಷೆ ಶುರುವಾಗಬೇಕು, ಹಾಗಾಗಿ ಗದಗದಿಂದ ಬಸ್ಸಿನಲ್ಲಿ ಡಬ್ಬಿ ತಂದರೆ ಉಪಯೋಗವಿಲ್ಲ. ಸಾಮಾನ್ಯ ಕಾಂಡೋಮ್, ಎಣ್ಣೆ, ಸೋಪು ಬಳಸಬೇಡಿ. ಮೊದಲ ಹನಿಗಳಲ್ಲೇ ವೀರ್ಯಾಣು ಜಾಸ್ತಿ. ಸ್ವಲ್ಪ ಚೆಲ್ಲಿದ್ದರೂ ಹೇಳಿಬಿಡಿ, ನಾಚಿಕೆ ಬೇಡ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಳತೆಯಲ್ಲಿ ಒಂದು ಎಂ.ಎಲ್.ಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ನೂರಕ್ಕೆ 42 ಚಲಿಸುತ್ತಿರಬೇಕು ಎಂಬುದು ಕೆಳಗಿನ ಗಡಿ. ಅದಕ್ಕಿಂತ ಕಮ್ಮಿ ಬಂದರೆ ಮಕ್ಕಳೇ ಆಗುವುದಿಲ್ಲ ಅಂತಲ್ಲ. ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಸೊನ್ನೆ ಬಂದವರಿಗೂ ಎಷ್ಟೋ ಸಲ ದಾರಿ ಇದೆ. ನಾಳ ಕಟ್ಟಿಕೊಂಡಿದ್ದರೆ ವೃಷಣದಿಂದಲೇ ವೀರ್ಯಾಣು ತೆಗೆದು ಐವಿಎಫ್ (ಲ್ಯಾಬಿನಲ್ಲಿ ಅಂಡಾಣು, ವೀರ್ಯಾಣು ಸೇರಿಸಿ ಭ್ರೂಣವನ್ನು ಗರ್ಭಕ್ಕೆ ಬಿಡುವುದು) ಮಾಡುತ್ತಾರೆ.

ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಇವತ್ತು ಗುಟ್ಕಾ, ಬೀಡಿ, ಕುಡಿತ ಬಿಟ್ಟರೆ ಫಲ ಕಾಣುವುದು ಮೂರು ತಿಂಗಳಿಗೆ. ಟೈಫಾಯ್ಡ್ ಅಥವಾ ಡೆಂಗಿ ಜ್ವರ ಬಂದು ಹೋಗಿದ್ದರೂ ಅಷ್ಟು ದಿನ ರಿಪೋರ್ಟ್ ಕೆಟ್ಟೇ ಬರಬಹುದು. ಚುರುಮುರಿ ಭಟ್ಟಿಯ ಮುಂದೆ ದಿನವಿಡೀ ನಿಲ್ಲುವವರು ಆ ಬಿಸಿಯ ವಿಷಯವನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಹತ್ತಿಗೆ, ಮೆಣಸಿನ ಗಿಡಕ್ಕೆ ಔಷಧ ಹೊಡೆಯುವವರು ಮೈ, ಮುಖ ಮುಚ್ಚಿಕೊಳ್ಳಿ. ಜಿಮ್‌ಗೆ ಹೋಗುವ ಹುಡುಗರಿಗೆ ಕೈಮುಗಿದು ಹೇಳುತ್ತೇನೆ: ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಮೈ ಬೆಳೆಸುತ್ತದೆ, ಆದರೆ ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಬಹುದು.

ಹಾಗಂತ ಸುಮ್ನೆ ಕಾಯುತ್ತಾ ಕೂರಬೇಡಿ. ಐವಿಎಫ್ ಫಲಿಸುವುದು ಎಲ್ಲಕ್ಕಿಂತ ಹೆಚ್ಚಾಗಿ ಹೆಂಡತಿಯ ವಯಸ್ಸಿನ ಮೇಲೆ ನಿಂತಿದೆ. 35 ದಾಟಿದ ಮೇಲೆ ಅಂಡಾಣುವಿನ ಸಂಖ್ಯೆ, ಗುಣ ಎರಡೂ ಬೇಗ ಇಳಿಯುತ್ತವೆ. ಎಎಂಎಚ್ ಎಂಬ ರಕ್ತಪರೀಕ್ಷೆ ಅಂಡಾಣು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುತ್ತದೆ, ಗುಣ ಹೇಳುವುದಿಲ್ಲ. 35ರೊಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ ಡಾಕ್ಟರ ಹತ್ತಿರ ಹೋಗಿ, ದಾಟಿದ್ದರೆ ಆರೇ ತಿಂಗಳು. ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಜೊತೆ ತೂಕವೂ ಜಾಸ್ತಿ ಇದ್ದವರು ನೂರಕ್ಕೆ 5ರಿಂದ 10ರಷ್ಟು ತೂಕ ಇಳಿಸಿದರೂ ಅನೇಕರಿಗೆ ಮುಟ್ಟು ಸರಿಹೋಗುತ್ತದೆ. ಐಯುಐ (ವೀರ್ಯಾಣುವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಮಾಡಿಸುವ ಮುಂಚೆ ಟ್ಯೂಬ್ ತೆರೆದಿದೆಯಾ ನೋಡಿಸಿ. ಹಿಂದೆ ಟಿಬಿ ಆಗಿದ್ದರೆ ಮುಚ್ಚಿಡಬೇಡಿ, ಅದರಿಂದಲೂ ಟ್ಯೂಬ್ ಕಟ್ಟಿಕೊಳ್ಳಬಹುದು.

ಇನ್ನು ಐವಿಎಫ್ ಸೆಂಟರ್ ಆರಿಸುವಾಗ. ಇಂಥ ಚಿಕಿತ್ಸಾ ಕೇಂದ್ರಗಳಿಗಾಗಿ ಮಾಡಿದ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿ ಆಗಿದೆಯಾ ಕೇಳಿ. "ನೂರಕ್ಕೆ ಇಷ್ಟು ಸಕ್ಸಸ್" ಅಂದರೆ, ಅದು ಬರೀ ಗರ್ಭದ ಪರೀಕ್ಷೆ ಪಾಸಿಟಿವ್ ಬಂದ ಲೆಕ್ಕವೋ, ಮಗು ಹುಟ್ಟಿದ ಲೆಕ್ಕವೋ, ನನ್ನ ವಯಸ್ಸಿನವರದ್ದೋ ಅಂತ ಕೇಳಿ. ಗ್ಯಾರಂಟಿ ಕೊಡುವವರಿದ್ದರೆ ಎದ್ದು ಬನ್ನಿ. ಪ್ರತಿ ರಿಪೋರ್ಟಿನ ಜೆರಾಕ್ಸ್ ಇಟ್ಟುಕೊಳ್ಳಿ, ಇಬ್ಬರದ್ದೂ ಒಂದೇ ಫೈಲಿನಲ್ಲಿ.