ಮುಂಬೈಯಲ್ಲಿ ಮನೆ ಹಿಡಿಯುವ ಮೊದಲು ಕಾಗದ ನೋಡಿ

ಕೆಲಸಕ್ಕೆಂದು ಊರಿಂದ ಬರುವ ಹುಡುಗರು ಡೊಂಬಿವಲಿಯ ನಮ್ಮ ಮನೆಗೆ ಬಂದು ಮೊದಲು ಕೇಳುವುದು ಒಂದೇ, "ಮಾಮಾ, ಬಾಡಿಗೆ ಎಷ್ಟಾಗ್ತದೆ?" ಬಾಡಿಗೆ ಆಮೇಲೆ ಕೇಳು ಮಾರಾಯ, ಮನೆ ಯಾವ ಬಗೆಯದು ಅಂತ ಮೊದಲು ಕೇಳು ಅನ್ನುತ್ತೇನೆ.

ಗಿರ್ಗಾಂವ್, ದಾದರ್ ಕಡೆ ಇನ್ನೂ ಪಗಡಿ ಮನೆಗಳಿವೆ. ನಮ್ಮಪ್ಪನ ಕಾಲದವರಿಗೆ ಅದೇ ಸ್ವಂತ ಮನೆ ಇದ್ದ ಹಾಗೆ. ಒಮ್ಮೆ ಇಡುಗಂಟು ಕೊಟ್ಟರೆ ಆಯಿತು, ಆಮೇಲೆ ಪುಡಿಗಾಸಿನ ಬಾಡಿಗೆ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಇದ್ದವರಿಗೆ ಹಬ್ಬ. ಮಾಲೀಕ ಮಾತ್ರ ರಿಪೇರಿ ಬಿಟ್ಟ, ಬಾಡಿಗೆಗೆಂದು ಹೊಸ ಚಾಳ್ (ಸಾಲು ಕೋಣೆಗಳ ಕಟ್ಟಡ) ಕಟ್ಟುವುದನ್ನೂ ಬಿಟ್ಟ. ಬಿಲ್ಡರ್‌ಗಳು ಮಾರುವ ಫ್ಲ್ಯಾಟ್ ಕಡೆ ತಿರುಗಿದರು. ಬರೀ ಮುಂಬೈ ಕಥೆಯಲ್ಲ ಇದು. 1961ರಲ್ಲಿ ದೇಶದ ನಗರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕುಟುಂಬಗಳು ಬಾಡಿಗೆಗಿದ್ದವು. 2011ರ ಜನಗಣತಿಯಲ್ಲಿ ಶೇ 27.5 ಮಾತ್ರ.

ಯಾರಾದರೂ ಪಗಡಿ ಮನೆ ತೋರಿಸಿದರೆ ಬಾಡಿಗೆ ರಸೀದಿ ಕೇಳಿ. ಅದರಲ್ಲಿ ಯಾರ ಹೆಸರಿದೆಯೋ ಅವರೇ ಬಾಡಿಗೆದಾರ. ಅವರು ತಮ್ಮ ಹಕ್ಕು ನಿಮಗೆ ಮಾರಿದರೆ, ರಸೀದಿಯಲ್ಲಿ ಹೆಸರು ಬದಲಿಸಲು ಮಾಲೀಕ ಸಾಮಾನ್ಯವಾಗಿ ಆ ಹಣದಲ್ಲಿ ಮೂರನೇ ಒಂದು ಪಾಲು ಕೇಳುತ್ತಾನೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯೂ ಹೀಗೆ ಹಣ ಪಡೆಯಲು ಒಪ್ಪಿದೆ. ರಸೀದಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದು ಮೊಮ್ಮಕ್ಕಳು ನಾಲ್ಕು ಜನ ಇದ್ದರೆ, ಚಹಾ ಕುಡಿದು ಎದ್ದು ಬನ್ನಿ.

ಹೊಸಬರಿಗೆ ಸಿಗುವುದು ಹೆಚ್ಚಾಗಿ ಲೀವ್ ಅಂಡ್ ಲೈಸೆನ್ಸ್, ಅಂದರೆ ಇಂತಿಷ್ಟು ಕಾಲ ಇರಲು ಮಾಲೀಕ ಅನುಮತಿ ಕೊಡುವ ಕರಾರು. ಸಾಮಾನ್ಯವಾಗಿ 11 ತಿಂಗಳಿಗೆ. "ನೋಟರಿ ಸಾಕು" ಎನ್ನುವ ಬ್ರೋಕರ್ ಮಾತು ಕೇಳಬೇಡಿ. ಮಹಾರಾಷ್ಟ್ರದಲ್ಲಿ ಇದನ್ನು ರಿಜಿಸ್ಟರ್ ಮಾಡಿಸಲೇಬೇಕು, ಮಾಡಿಸುವ ಹೊಣೆ ಮಾಲೀಕನದು. ಖರ್ಚೂ ಅಂಥಾದ್ದೇನಲ್ಲ. ಒಟ್ಟು ಬಾಡಿಗೆಗೆ ಡಿಪಾಸಿಟ್ಟಿನ ವರ್ಷದ ಶೇ 10 ಬಡ್ಡಿ ಸೇರಿಸಿ, ಅದರ ಶೇ 0.25 ಸ್ಟ್ಯಾಂಪ್ ಡ್ಯೂಟಿ. ತಿಂಗಳಿಗೆ 30,000 ಬಾಡಿಗೆ, ಒಂದು ಲಕ್ಷ ಡಿಪಾಸಿಟ್ ಅಂದರೆ 11 ತಿಂಗಳಿಗೆ ಸುಮಾರು 850 ರೂಪಾಯಿ. ನಗರದಲ್ಲಿ ನೋಂದಣಿ ಶುಲ್ಕ 1,000. ಏಜೆಂಟ್ ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಮಷಿನ್ ಹಿಡಿದು ಮನೆಗೇ ಬರುತ್ತಾನೆ. ಮಾಲೀಕರು ವಯಸ್ಸಾದವರಾದರೆ ಬೆರಳು ಸಲೀಸಾಗಿ ಓದುವುದಿಲ್ಲ. ಒರೆಸಿ, ಒತ್ತಿ, ಬೇರೆ ಬೆರಳು ಇಟ್ಟು ನೋಡುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ, ತಾಳ್ಮೆ ಇರಲಿ.

ಸೊಸೈಟಿ (ಕಟ್ಟಡದ ಫ್ಲ್ಯಾಟ್ ಮಾಲೀಕರ ಸಂಘ) ನಿಯಮ ಮೊದಲೇ ವಿಚಾರಿಸಿ. ನಮ್ಮ ಕರಾವಳಿಯವರು ಮೀನು ತಿನ್ನುವ ವಿಷಯ ಮುಚ್ಚಿಡಬೇಡಿ, ಬಂಗುಡೆ ಹುರಿದ ದಿನ ಹೇಗೂ ಗೊತ್ತಾಗುತ್ತದೆ ಅಲ್ವಾ! ಮಾಲೀಕ ತಾನಿರದೆ ಬಾಡಿಗೆಗೆ ಕೊಟ್ಟಿದ್ದಕ್ಕೆ ಸೊಸೈಟಿ ಹಾಕುವ ನಾನ್ ಆಕ್ಯುಪೆನ್ಸಿ ಚಾರ್ಜ್ ಅವನೇ ಕಟ್ಟಲಿ ಅಂತ ಕರಾರಿನಲ್ಲೇ ಬರೆಸಿ. ಡಿಪಾಸಿಟ್ ಬ್ಯಾಂಕ್ ಮೂಲಕವೇ ಕೊಡಿ. ಕೀಲಿ ಸಿಕ್ಕ ದಿನವೇ ಗೋಡೆ, ನಲ್ಲಿ, ಕರೆಂಟ್ ಮೀಟರ್ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ.

11 ತಿಂಗಳಾದ ಮೇಲೆ ಅದೇ ಮನೆಗೆ ಬ್ರೋಕರ್ ಮತ್ತೆ ಒಂದು ತಿಂಗಳ ಬಾಡಿಗೆ ಕಮಿಷನ್ ಕೇಳಬಹುದು. ಕೊಡುವುದೋ ಇಲ್ಲವೋ ಅಂತ ಮೊದಲ ದಿನವೇ ಮಾತಾಡಿಕೊಳ್ಳಿ. ನಾನಂತೂ ಅರ್ಧಕ್ಕಿಂತ ಜಾಸ್ತಿ ಕೊಡಿಸುವುದಿಲ್ಲ.