ಬೀಜದಿಂದ ಗುಲ್‌ಮೊಹರ್ ಬೆಳೆಸುವುದು

ಮರದ ಕೆಳಗೆ ಬಿದ್ದಿರುವ ಉದ್ದನೆಯ ಒಣ ಕಾಯಿ ಇದೆಯಲ್ಲ, ಮಕ್ಕಳು ಕತ್ತಿ ಅಂತ ಆಡೋದು, ಅದನ್ನೇ ಒಡೆದು ಬೀಜ ತೆಗೆಯಿರಿ. ಸಿಪ್ಪೆ ಬಹಳ ಗಟ್ಟಿ. ಸುಮ್ನೆ ಮಣ್ಣಿಗೆ ಹಾಕಿದರೆ ಎಷ್ಟೋ ಬೀಜ ತಿಂಗಳುಗಟ್ಟಲೆ ಹಾಗೇ ಕೂತಿರುತ್ತವೆ. ಅದಕ್ಕೆ ಒಂದು ಬದಿಯನ್ನು ಒರಟು ಕಲ್ಲಿಗೆ ತಿಕ್ಕಿ, ಒಳಗಿನ ಬಿಳಿ ಭಾಗ ಸ್ವಲ್ಪ ಕಂಡ ಕೂಡಲೇ ನಿಲ್ಲಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಉಬ್ಬಿದವನ್ನು ಮಾತ್ರ ಬಿತ್ತಿ, ಉಳಿದವನ್ನು ಮತ್ತೆ ತಿಕ್ಕಿ. ಒಂದು ಅಂಗುಲ ಆಳ ಸಾಕು. ಬೆಚ್ಚಗಿದ್ದರೆ 1-2 ವಾರದಲ್ಲಿ ಮೊಳಕೆ ಬರುತ್ತದೆ. ನೀರು ಜಾಸ್ತಿ ಮಾಡಬೇಡಿ, ಕೊಳೆಯುತ್ತದೆ. ಮಳೆಗಾಲ ಶುರುವಾದಾಗ ನೆಲಕ್ಕೆ ಇಳಿಸಿ, ಆದರೆ ಮನೆ ಗೋಡೆಯಿಂದ ಕನಿಷ್ಠ 30 ಅಡಿ ದೂರದಲ್ಲಿ, ಯಾಕಂದ್ರೆ ಬೇರು ಮೇಲೆಯೇ ಹರಡುತ್ತದೆ, ಕೊಂಬೆಯೂ ಗಾಳಿಗೆ ಮುರಿಯುತ್ತದೆ. ಹೂವಿಗೆ ಐದಾರು ವರ್ಷ ಕಾಯಬೇಕು.