ಎಂಜಿಬಿಯ ಮುಂಗಾಲಿ ಬೇರಿಂಗ್: ಸ್ಪೇಸರ್, ಶಿಮ್ ಮತ್ತು ಕಾರವಾರದ ಮಳೆಗಾಲ

ಎಂಜಿಬಿಯ ಮುಂದಿನ ಗಾಲಿಗೆ ಹೊಸ ಬೇರಿಂಗ್ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಅದರ ಪ್ಲೇ, ಅಂದರೆ ಬೇರಿಂಗಿನಲ್ಲಿ ಬಿಡಬೇಕಾದ ಕೂದಲೆಳೆಯಷ್ಟು ಸಡಿಲು, ಹೊಂದಿಸುವುದಕ್ಕೇ ನಿಜವಾದ ತಾಳ್ಮೆ ಬೇಕು. 1962ರಿಂದ 1980ರವರೆಗೆ ತಯಾರಾದ ಈ ಸ್ಪೋರ್ಟ್ಸ್ ಕಾರಿನ ಹಬ್‌ನಲ್ಲಿ (ಗಾಲಿಯನ್ನು ಹೊತ್ತು ತಿರುಗುವ ನಡುಭಾಗ) ಎರಡು ಟೇಪರ್ ರೋಲರ್ ಬೇರಿಂಗ್‌ಗಳು, ಅವುಗಳ ನಡುವೆ ಅಂತರ ಕಾಯುವ ಉಕ್ಕಿನ ಕೊಳವೆ, ಅಂದರೆ ಸ್ಪೇಸರ್, ಸ್ಪೇಸರ್‌ಗೂ ಹೊರಗಿನ ಬೇರಿಂಗಿಗೂ ಮಧ್ಯೆ ತೆಳ್ಳನೆಯ ಲೋಹದ ಬಳೆಗಳಾದ ಶಿಮ್‌ಗಳು ಇರುತ್ತವೆ. ಲಾರಿ, ಜೀಪುಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್‌ಗಳು ನಟ್ಟನ್ನು ಬಿಗಿ ಮಾಡಿ, ಸ್ವಲ್ಪ ಹಿಂದೆ ತಿರುಗಿಸಿ ಪಿನ್ ಹಾಕುತ್ತಾರೆ. ಆ ಹಬ್‌ಗಳಿಗೆ ಅದು ಸರಿಯಾದ ಕ್ರಮವೇ. ಇಲ್ಲಿ ಮಾತ್ರ ನಟ್ ಪೂರ್ತಿ ಬಿಗಿಯಾಗಿಯೇ ಇರಬೇಕು, ಪ್ಲೇ ಎಷ್ಟೆಂಬುದನ್ನು ಶಿಮ್ ತೀರ್ಮಾನಿಸುತ್ತದೆ.

ಈ ಶಿಮ್ ಹುಡುಕುವ ತಲೆನೋವೇ ಬೇಡವೆಂದು ಸ್ಪೇಸರನ್ನೇ ತೆಗೆದು ಬಿಸಾಡಿದ ಹಬ್‌ಗಳು ಬೇಕಾದಷ್ಟು ಸಿಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ನಟ್ ಬಿಗಿಯಾದಾಗ ಒಳ ಬೇರಿಂಗಿನ ಕೋನ್ (ರೋಲರ್‌ಗಳಿರುವ ಒಳಬಳೆ), ಸ್ಪೇಸರ್, ಶಿಮ್, ಹೊರ ಬೇರಿಂಗಿನ ಕೋನ್ ಎಲ್ಲವೂ ಹಬ್ ಕೂರುವ ಗಿಡ್ಡ ಅಚ್ಚಾದ ಸ್ಟಬ್ ಆಕ್ಸಲ್ ಮೇಲೆ ಒಂದೇ ಕಂಬದಂತೆ ಅದುಮಿಕೊಳ್ಳುತ್ತವೆ. ತಿರುವಿನಲ್ಲಿ ಬೀಳುವ ಭಾರಕ್ಕೆ ಆಕ್ಸಲ್ ಬಾಗದಂತೆ ತಡೆಯುವುದು ಈ ಬಿಗಿತ. ಸ್ಪೇಸರ್ ಇಲ್ಲದಿದ್ದರೆ ಆಕ್ಸಲ್ ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಬಾಗುತ್ತ ಬುಡದಲ್ಲಿ ಲೋಹ ದಣಿಯುತ್ತದೆ. ಕೋನ್‌ಗಳೂ ಆಕ್ಸಲ್ ಮೇಲೆ ನಿಧಾನವಾಗಿ ಜಾರಿ ತಿರುಗಿ ಅದನ್ನು ಸವೆಸುತ್ತವೆ.

ಮೊದಲು ತಪ್ಪು ಬೇರಿಂಗಿನದೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳಬೇಕು. ಗುಂಯ್‌ಗುಡುವ ಸದ್ದು ಕಾರು ಎಡಕ್ಕೆ ತಿರುಗುವಾಗ ಹೆಚ್ಚಾದರೆ ಬಲಗಾಲಿಯ ಮೇಲೆ ಅನುಮಾನ, ಬಲಕ್ಕೆ ತಿರುಗುವಾಗ ಹೆಚ್ಚಾದರೆ ಎಡಗಾಲಿಯ ಮೇಲೆ. ದೇವಿಮನೆ ಘಟ್ಟದಂಥ ರಸ್ತೆಯಲ್ಲಿ ಇನ್ನೊಂದು ಸುಳಿವು ಸಿಗುತ್ತದೆ: ತಿರುವು ಮುಗಿದ ಮೇಲೆ ಮೊದಲ ಸಲ ಬ್ರೇಕ್ ಒತ್ತಿದಾಗ ಪೆಡಲ್ ಕೆಳಗೆ ಹೋಗುತ್ತದೆ, ಎರಡನೇ ಸಲಕ್ಕೆ ಸರಿ ಇರುತ್ತದೆ. ಪ್ಲೇ ಜಾಸ್ತಿಯಾದಾಗ ಡಿಸ್ಕ್ ಓಲಾಡಿ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುವುದೇ ಇದಕ್ಕೆ ಕಾರಣ. ಜಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಾಲಿಯ ನೆತ್ತಿ ಮತ್ತು ಬುಡ ಹಿಡಿದು ಅಲುಗಾಡಿಸಿ ನೋಡಿ. ಅಲುಗಾಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಅಲುಗಾಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಗಾಲಿ ಎಡಬಲಕ್ಕೆ ತಿರುಗುವ ಕೀಲಿನ ಭಾಗಗಳಾದ ಕಿಂಗ್‌ಪಿನ್ ಅಥವಾ ಟ್ರನಿಯನ್ ಸವೆದಿದೆ. ಈ ಕಾರಿನಲ್ಲಿ ಈ ಸವೆತವೂ ಅಪರೂಪವೇನಲ್ಲ.

ಬಿಚ್ಚುವ ಕೆಲಸ ಸರಳ. ಕ್ಯಾಲಿಪರ್‌ನ ಎರಡು ಬೋಲ್ಟ್ ತೆಗೆದು, ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ; ಹೋಸ್ ಮೇಲೆ ಅದರ ಭಾರ ಬೀಳಬಾರದು. ಗ್ರೀಸ್ ಕ್ಯಾಪ್, ಸ್ಪ್ಲಿಟ್ ಪಿನ್, ನಟ್, ವಾಷರ್ ತೆಗೆದರೆ ಹಬ್ ಡಿಸ್ಕ್ ಸಮೇತ ಈಚೆ ಬರುತ್ತದೆ. ಬೋಲ್ಟ್‌ಗಳೆಲ್ಲ ಇಂಚಿನ ಅಳತೆಯವು, ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆಯುತ್ತದೆ. ಹೊರ ಬೇರಿಂಗ್ ತೆಗೆಯುವಾಗ ಅದರ ಬೆನ್ನಿಗೆ ಗ್ರೀಸಿನಲ್ಲಿ ಅಂಟಿಕೊಂಡ ಶಿಮ್‌ಗಳು ಬರುತ್ತವೆ. ಎಡ, ಬಲ ಬೇರೆ ಬೇರೆ ಡಬ್ಬಿಯಲ್ಲಿಡಿ. ಸೀಮೆಎಣ್ಣೆಯಲ್ಲಿ ತೊಳೆದು, ಮೈಕ್ರೋಮೀಟರಿನಲ್ಲಿ ದಪ್ಪ ಅಳೆದು ಬರೆದಿಟ್ಟುಕೊಳ್ಳಿ.

ಹಳೆಯ ಬೇರಿಂಗನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡುವುದು ನನ್ನ ಕ್ರಮ, ಅದು ಬಹಳ ಹೇಳುತ್ತದೆ. ಹಬ್ಬಿನೊಳಗೆ ಕೂರುವ ಬೇರಿಂಗಿನ ಹೊರಬಳೆಯಾದ ಕಪ್‌ನ ಒಳಮೈಯಲ್ಲಿ ರೋಲರ್‌ಗಳಿರುವಷ್ಟೇ ಅಂತರಕ್ಕೆ ಒಂದೊಂದು ಕಪ್ಪು ಅಡ್ಡಗೆರೆ, ಉಗುರು ಎಳೆದರೆ ಸಣ್ಣಗೆ ತಡೆಯುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲುಗಾಡದೆ ನಿಂತ ಕಾರಿನ ಗುರುತು ಇದು. ಗ್ರೀಸಿನೊಳಗೆ ಸೇರಿದ ನೀರು ರೋಲರ್ ಮತ್ತು ಕಪ್ ತಾಗುವ ಗೆರೆಯಲ್ಲೇ ನಿಂತು ಉಕ್ಕನ್ನು ತಿನ್ನುತ್ತದೆ. ಮೈಯೆಲ್ಲ ಮಾಸಲು ಬೂದುಬಣ್ಣವಾಗಿ, ಗ್ರೀಸ್ ಕೆಂಪಗಾಗಿದ್ದರೆ ಚಿರೆಕಲ್ಲಿನ ಧೂಳು ಅಥವಾ ತುಕ್ಕು ಒಳಹೊಕ್ಕಿದೆ, ಸೀಲ್ ಕೆಲಸ ಮಾಡಿಲ್ಲ. ನೀಲಿ ಅಥವಾ ಕಂದು ಛಾಯೆ ಇದ್ದರೆ ಗ್ರೀಸ್ ಒಣಗಿದೆ ಇಲ್ಲವೇ ಪ್ಲೇ ಇಲ್ಲದೆ ಬಿಗಿದು ಕಾದಿದೆ.

ನೀರು ಒಳಗೆ ಹೋಗುವ ಬಗೆಯನ್ನು ತಿಳಿದುಕೊಂಡರೆ ಅರ್ಧ ರಿಪೇರಿ ತಪ್ಪುತ್ತದೆ. ಶಿರಸಿಯಿಂದ ಕುಮಟೆಗೆ ಘಟ್ಟ ಇಳಿಯುವಾಗ ಬ್ರೇಕ್ ಕಾದು, ಡಿಸ್ಕಿನ ಬಿಸಿ ಹಬ್ಬಿಗೂ ಇಳಿಯುತ್ತದೆ. ಆ ಬಿಸಿಯಲ್ಲೇ ರಸ್ತೆ ಮೇಲೆ ಹರಿಯುವ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ, ಸೀಲಿನ ತುಟಿಯ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಕಾಳಿ ನದಿಯ ಅಳಿವೆ ಕಡೆಯ ತಗ್ಗು ರಸ್ತೆಗಳಲ್ಲಾದರೆ ಆ ನೀರಿನಲ್ಲಿ ಉಪ್ಪೂ ಇರುತ್ತದೆ. ಹಾಗಾಗಿ ನೆರೆನೀರು ದಾಟಿದ ಹಬ್ಬನ್ನು ಮುಂದಿನ ಸರ್ವಿಸ್‌ವರೆಗೆ ಬಿಡಬೇಡಿ, ಅದೇ ವಾರ ತೆರೆದು ನೋಡಿ.

ಕೋನ್ ಮತ್ತು ಕಪ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಹೊಸ ರೋಲರ್ ಹಳೆಯ ಕಪ್ಪಿನಲ್ಲಿ ಬಹಳ ದಿನ ಬಾಳುವುದಿಲ್ಲ. ನಂಬರ್ ಬೇರಿಂಗಿನ ಮೈಮೇಲೇ ಕೆತ್ತಿರುತ್ತದೆ. ಕಪ್ಪಿನ ನಂಬರ್, ಕೋನ್ ನಂಬರ್ ಎರಡನ್ನೂ ಬರೆದುಕೊಂಡು ಹುಬ್ಬಳ್ಳಿ ಅಥವಾ ಗೋವಾದ ಬೇರಿಂಗ್ ಅಂಗಡಿಯಲ್ಲಿ ಕೇಳಿ. ಸೀಲ್ ಪ್ರತಿ ಸಲವೂ ಹೊಸದೇ ಆಗಬೇಕು. ಒಳ ಬೇರಿಂಗಿನ ಹಿಂದೆ ಸೀಲ್ ಉಜ್ಜುವ ಕಾಲರ್ ಒಂದಿದೆ. ಅದರಲ್ಲಿ ಗೆರೆ ಬಿದ್ದಿದ್ದರೆ ಹೊಸ ಸೀಲೂ ನೀರು ತಡೆಯದು.

ಹಳೆಯ ಕಪ್ಪನ್ನು ಹಿತ್ತಾಳೆ ಡ್ರಿಫ್ಟಿನಿಂದ (ಬಡಿಯುವ ಸರಳು) ಸುತ್ತಲೂ ಸಮನಾಗಿ ಬಡಿದು ತೆಗೆಯಿರಿ. ಹೊಸ ಕಪ್ಪನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಸಲೀಸಾಗಿ ಕೂರುತ್ತದೆ. ಆದರೆ ನಮ್ಮ ಕಡೆಯ ತೇವದ ಹವೆಗೆ ತಣ್ಣನೆಯ ಉಕ್ಕು ಕ್ಷಣದಲ್ಲಿ ಬೆವರುತ್ತದೆ. ಕೂರಿಸಿದ ಕೂಡಲೇ ಒರೆಸಿ ಎಣ್ಣೆ ಸವರಿ. ಬಡಿಯುವಾಗಿನ ಸದ್ದು ಟಕ್ ಎಂದು ಗಟ್ಟಿಯಾದರೆ ಕಪ್ ತಳ ಮುಟ್ಟಿದೆ ಎಂದರ್ಥ. ಕಪ್ ಕೈಯಿಂದಲೇ ತಿರುಗುವಷ್ಟು ಸಡಿಲವಾಗಿದ್ದರೆ ಒಳಗೆ ಪಂಚ್ ಹೊಡೆದು ಚುಕ್ಕಿ ಮಾಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಆ ಚುಕ್ಕಿಗಳ ತುದಿ ಕೆಲವೇ ದಿನಗಳಲ್ಲಿ ಚಪ್ಪಟೆಯಾಗುತ್ತದೆ, ಕಪ್ ಓರೆಯಾಗುತ್ತದೆ. ಹಬ್ ಬದಲಿಸುವುದೇ ದಾರಿ.

ಪ್ಲೇ ಅಳೆಯುವಾಗ ಗ್ರೀಸ್ ಹಾಕಬೇಡಿ, ತೆಳು ಎಣ್ಣೆ ಸಾಕು. ಗ್ರೀಸಿನ ಪದರ ಅಳತೆಯನ್ನೇ ಕೆಡಿಸುತ್ತದೆ. ಮೊದಲು ಶಿಮ್ ಇಲ್ಲದೆ ಎಲ್ಲವನ್ನೂ ಜೋಡಿಸಿ, ಹಬ್ ತಿರುಗಿಸುತ್ತ ನಟ್ಟನ್ನು ಬೇರಿಂಗ್ ಹಿಡಿಯುವವರೆಗೆ ಬಿಗಿ ಮಾಡಿ. ಕಪ್‌ಗಳು ಪೂರ್ತಿ ಒಳಗೆ ಕೂರಲೆಂದು ಇದು. ನಂತರ ಬಿಚ್ಚಿ, ಬೇಕೆಂದೇ ಹೆಚ್ಚು ಶಿಮ್ ಹಾಕಿ, ನಟ್ಟನ್ನು 40 ಫುಟ್-ಪೌಂಡ್, ಅಂದರೆ ಸುಮಾರು 54 ನ್ಯೂಟನ್-ಮೀಟರ್ ಬಿಗಿ ಮಾಡಿ. ಡಯಲ್ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಡಿಸ್ಕಿಗೆ ಅಂಟಿಸಿ, ಮೊನೆಯನ್ನು ಆಕ್ಸಲ್ ತುದಿಗೆ ತಾಗಿಸಿ, ಹಬ್ಬನ್ನು ನೇರ ಒಳಗೆ ಹೊರಗೆ ಎಳೆದು ನೋಡಿ. ಓಲಾಡಿಸಿದರೆ ಅಳತೆ ಸುಳ್ಳಾಗುತ್ತದೆ. ಬೇಕಾದದ್ದು 0.002ರಿಂದ 0.004 ಇಂಚು, ಅಂದರೆ 0.05ರಿಂದ 0.10 ಮಿಲಿಮೀಟರ್. ಗೇಜ್ 0.013 ತೋರಿಸಿದರೆ 0.010ರ ಒಂದು ಶಿಮ್ ತೆಗೆದರಾಯಿತು, 0.003 ಉಳಿಯುತ್ತದೆ. ಶಿಮ್‌ಗಳು 0.003, 0.005, 0.010 ಇಂಚಿನ ದಪ್ಪದಲ್ಲಿ ಬರುತ್ತವೆ. ಪ್ರತಿಯೊಂದರಲ್ಲೂ ಎರಡೆರಡು ಹೆಚ್ಚಿಗೆ ತರಿಸಿಟ್ಟುಕೊಳ್ಳುವುದು ಜಾಣತನ. ಹಳೆಯ ಶಿಮ್ ಲೆಕ್ಕವನ್ನೇ ಹೊಸ ಬೇರಿಂಗಿಗೆ ನಂಬಬೇಡಿ, ಬೇರಿಂಗಿನಿಂದ ಬೇರಿಂಗಿಗೆ ಅಗಲ ಸ್ವಲ್ಪ ವ್ಯತ್ಯಾಸವಾಗುತ್ತದೆ.

ಅಳತೆ ಸಿಕ್ಕ ಮೇಲೆ ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕು. ಲಿಥಿಯಂ ಕಾಂಪ್ಲೆಕ್ಸ್ 2ನೇ ದರ್ಜೆಯದು ಸಾಕು, ನೀರಿನ ಕಾಟ ಜಾಸ್ತಿ ಇರುವಲ್ಲಿ ಕ್ಯಾಲ್ಶಿಯಂ ಸಲ್ಫೋನೇಟ್ ಮೇಲು. ಹಳೆಯ ಗ್ರೀಸಿನೊಂದಿಗೆ ಬೆರೆಸಬೇಡಿ, ಕೆಲವು ಜಾತಿಗಳು ಸೇರಿದರೆ ನೀರಾಗುತ್ತವೆ. ಅಂಗೈಯಲ್ಲಿ ಗ್ರೀಸ್ ಇಟ್ಟು, ಕೋನಿನ ಅಗಲದ ಕಡೆಯಿಂದ ಒತ್ತಿ, ಇನ್ನೊಂದು ಬದಿಯಲ್ಲಿ ರೋಲರ್‌ಗಳ ಸಂದಿಯಿಂದ ಉಕ್ಕುವವರೆಗೆ ತುಂಬಿ. ಕ್ಯಾಪ್ ಒಳಗೆ ಮಾತ್ರ ತುಂಬಬೇಡಿ. ಬಿಸಿಗೆ ಗ್ರೀಸ್ ಹಿಗ್ಗಿ ಸೀಲನ್ನು ತಳ್ಳಿ ಡಿಸ್ಕಿಗೆ ಬರುತ್ತದೆ.

ಕೊನೆಯಲ್ಲಿ ನಟ್ 40 ಫುಟ್-ಪೌಂಡ್, ಪಿನ್ನಿನ ತೂತು ಎದುರಾಗದಿದ್ದರೆ ಮುಂದಕ್ಕೇ ಬಿಗಿ ಮಾಡಿ. 70 ಫುಟ್-ಪೌಂಡ್‌ವರೆಗೆ, ಅಂದರೆ ಸುಮಾರು 95 ನ್ಯೂಟನ್-ಮೀಟರ್‌ವರೆಗೆ, ಅವಕಾಶವಿದೆ. ತೂತಿಗಾಗಿ ನಟ್ಟನ್ನು ಹಿಂದಕ್ಕೆ ತಿರುಗಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಅಂಕೋಲಾಕ್ಕೆ ಹೋಗಿ ಬಂದು ಹಬ್ ಮುಟ್ಟಿ ನೋಡಿ: ಎರಡೂ ಬದಿ ಒಂದೇ ರೀತಿ ಬೆಚ್ಚಗಿದ್ದರೆ ಸರಿ. ಒಂದು ಬದಿ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಮೊದಲು ಕ್ಯಾಲಿಪರ್ ಪಿಸ್ಟನ್ ಹಿಡಿದಿದೆಯೇ ನೋಡಿ, ಆಮೇಲೆ ಶಿಮ್ ಲೆಕ್ಕ ತೆಗೆಯಿರಿ.